ಒಂದೇ ಅಗುಳಿ, ಹಲವು ಬಾಗಿಲು

ಹಾಸನ ಸೀಮೆಯ ಮಲೆನಾಡಿನಲ್ಲಿ ಚಳಿಜ್ವರವನ್ನು ಕಂಡ ಹಿರಿಯರಿಗೆ ಕ್ವಿನೈನಿನ ಕಹಿಯೊಡನೆ ಕಿವಿಯ ಮೊರೆತವೂ ನೆನಪಿರಬಹುದು. 1820ರಲ್ಲಿ ಫ್ರಾನ್ಸಿನಲ್ಲಿ ಸಿಂಕೋನಾ ತೊಗಟೆಯಿಂದ ಬೇರ್ಪಡಿಸಿದ ಈ ಮದ್ದು, ಜ್ವರವನ್ನಿಳಿಸಲು ಹೋಗಿ ಕಿವಿಯನ್ನೂ ಮುಟ್ಟುವದು.

ಜೀವಕೋಶದ ಹೊದಿಕೆಯಲ್ಲಿ ಅಯಾನುಗಳೆಂಬ ವಿದ್ಯುತ್ಕಣಗಳು ಹೋಗಿಬರುವ ಬಾಗಿಲುಗಳುಂಟು. ಪ್ರಯೋಗಶಾಲೆಯಲ್ಲಿ ಪೊಟಾಸಿಯಂ ಬಾಗಿಲನ್ನು ಮುಚ್ಚಲು ಕ್ವಿನೈನನ್ನು ಬಳಸುವದುಂಟು. ಆದರೆ ಅದು ಸೋಡಿಯಂ ಬಾಗಿಲನ್ನೂ ತಡೆಯುವದು. ಹಾಗಿರಲು, ಕೋಶದಲ್ಲಿ ಕಂಡ ಬದಲಾವಣೆಗೆ ಯಾವ ಬಾಗಿಲು ಕಾರಣವೆಂದು ಹೇಳುವದೆಂತು? ಅವಸರದ ತೀರ್ಮಾನವು ನಾಳಿನ ಔಷಧವನ್ನೇ ದಾರಿ ತಪ್ಪಿಸೀತು.

ಆದುದರಿಂದ ಬಲ್ಲವರು ಮದ್ದೊಂದನ್ನೇ ನಂಬದೆ, ಬಾಗಿಲನ್ನು ನಿರ್ಮಿಸುವ ಜೀನನ್ನೂ ಬದಲಿಸಿ ನೋಡುವರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರು ಹಣ್ಣುನೊಣಗಳ ಕೋಶದೊಳಗಣ ಕ್ಯಾಲ್ಸಿಯಂ ಬಾಗಿಲೊಂದನ್ನು ಹೀಗೆ ಜೀನಿನ ಮೂಲಕವೇ ಪರೀಕ್ಷಿಸಿದರು. ಎರಡು ದಾರಿಗಳೂ ಒಂದೇ ಉತ್ತರವನ್ನಿತ್ತರೆ ನಂಬಿಕೆಗೆ ಆಧಾರವುಂಟು. ನಮ್ಮ ಹೆಣ್ಣುಮಕ್ಕಳು ವಿಜ್ಞಾನದಿಂದ ಕಲಿಯಬೇಕಾದ ವಿವೇಕವೂ ಇದೇ.