ಎಡಿನ್‌ಬರೊ ಬೇಸಿಗೆಯ ಲೆಕ್ಕ

ಚಾರ್ಟರ್ಡ್ ಅಕೌಂಟೆಂಟ್ ವೃತ್ತಿಯ ತವರು ಸ್ಕಾಟ್ಲೆಂಡ್‌ನ ಎಡಿನ್‌ಬರೊ. ಅಲ್ಲಿನ ಲೆಕ್ಕಿಗರ ಸಂಘಕ್ಕೆ 1854ರಲ್ಲಿ ವಿಕ್ಟೋರಿಯಾ ರಾಣಿಯ ಸನ್ನದು ಸಿಕ್ಕಿತು. ಸಿ.ಎ. ಮುಗಿಸಿ ಎಂ.ಎಸ್ಸಿ.ಗೆ ಹೋಗಿದ್ದ ನಾನು ಇಪ್ಪತ್ತು ವರ್ಷಗಳ ಹಿಂದೆ ಅದೇ ಊರಿನ ಸಣ್ಣ ಆಡಿಟ್ ಕಚೇರಿಯಲ್ಲಿ ಒಂದು ಬೇಸಿಗೆ ಇಂಟರ್ನ್ ಆಗಿದ್ದೆ.

ಊರಲ್ಲಿ ಅಪ್ಪ ತೋಟ ಅಡವಿಟ್ಟು ತೆಗೆದ ಸಾಲವಿತ್ತು. ಪ್ರತಿ ಪೌಂಡನ್ನೂ ರೂಪಾಯಿಗೆ ಗುಣಿಸಿಯೇ ಖರ್ಚು. ಭಾನುವಾರ ಬಿಟ್ಟು ದಿನವೂ ಮಧ್ಯಾಹ್ನ ಒಂದಕ್ಕೆ ಕೋಟೆಯಿಂದ ತೋಪು ಹಾರಿಸುತ್ತಾರೆ. ಆಗ ನನ್ನ ಚಿತ್ರಾನ್ನದ ಡಬ್ಬಿ ತೆರೆಯುತ್ತಿತ್ತು. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕು. ಹಳೆ ಪೇಟೆಯ ಕಲ್ಲು ಓಣಿಗಳನ್ನು ಸುತ್ತಲು ಕಾಸು ಬೇಕಿರಲಿಲ್ಲ.

1947ರಲ್ಲಿ ಶುರುವಾದ ಆಗಸ್ಟ್ ಉತ್ಸವ ಬಂತೆಂದರೆ ಬಾಡಿಗೆ ಏರುತ್ತದೆ. ನನ್ನ ಕೋಣೆಗೂ ಏರಿತು. ಆ ತಿಂಗಳು ಮನೆಗೆ ಹಣ ಕಳಿಸಲಾಗಲಿಲ್ಲ. "ಕಂತು ನಾನು ನೋಡ್ಕೋತೀನಿ, ನೀನು ಹೊಟ್ಟೆ ಕಟ್ಟಬೇಡ ಮಗಾ" ಎಂದರು ಅಪ್ಪ. ಅದಕ್ಕಾಗಿ ಎರಡು ಮೂಟೆ ಅಡಿಕೆ ಮಾರಿದ್ದರೆಂದು ಆಮೇಲೆ ತಿಳಿಯಿತು.

ಮಕ್ಕಳನ್ನು ಬ್ರಿಟನ್ನಿಗೆ ಕಳಿಸುವವರು ಗಮನಿಸಿ. ಪದವಿ, ಸ್ನಾತಕೋತ್ತರ ಓದುವವರಿಗೆ ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆಯಷ್ಟೇ ದುಡಿಮೆ. ಎಂ.ಎಸ್ಸಿ.ಯವರಿಗೆ ಪ್ರಬಂಧ ಬರೆಯುವ ಬೇಸಿಗೆ ರಜೆಯಲ್ಲ. ನೌಕರರಂತೆ ದುಡಿಸಿಕೊಂಡರೆ ಇಂಟರ್ನ್‌ಗೂ ಕನಿಷ್ಠ ವೇತನದ ಹಕ್ಕಿದೆ. ಅಲ್ಲಿನ ಕೋರ್ಸಿನ ಭಾಗವಾದ ತರಬೇತಿಗೆ ವಿನಾಯಿತಿಯುಂಟು. ಗಂಟೆ, ವೇತನ, ಆಗಸ್ಟ್ ಬಾಡಿಗೆ ಮೂರನ್ನೂ ಮೊದಲೇ ಬರಹದಲ್ಲಿ ಪಡೆಯಲಿ.