ತನ್ನನ್ನು ತಾನೇ ಬಿತ್ತಿಕೊಳ್ಳುವ ಕುಸಳಿ ಹುಲ್ಲು

ದೀಪಾವಳಿಯ ಹೊತ್ತಿಗೆ ಮಾಳದಲ್ಲಿ ತಿರುಗಾಡಿ ಬಂದವರ ಧೋತರಕ್ಕೂ ಸೀರೆಯ ಅಂಚಿಗೂ ಸೂಜಿಯಂತೆ ಚುಚ್ಚಿಕೊಂಡು ಬರುವ ಹುಲ್ಲಿನ ಬೀಜವನ್ನು ಕಾಣದವರು ನಮ್ಮಲ್ಲಿ ವಿರಳ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಾವು ಅದನ್ನು ಮರಾಠಿಯ ಹೆಸರಿನಿಂದ ಕುಸಳಿ ಎಂದೇ ಕರೆಯುತ್ತೇವೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ‘ಹೆಟೆರೋಪೋಗಾನ್ ಕಾಂಟಾರ್ಟಸ್’. ‘ಕಾಂಟಾರ್ಟಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತಿರುಚಿಕೊಂಡದ್ದು ಎಂದರ್ಥ. ೧೭೫೩ರಲ್ಲಿ ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸ್ ಕೊಟ್ಟ ಈ ವಿಶೇಷಣದಲ್ಲಿಯೇ ಈ ಹುಲ್ಲಿನ ಗುಟ್ಟು ಅಡಗಿದೆ.

ಕುಸಳಿ ಬಹುವಾರ್ಷಿಕ ಹುಲ್ಲು. ಬೇಸಿಗೆಯಲ್ಲಿ ಅದರ ಎಲೆ, ಕಡ್ಡಿಗಳು ಒಣಗಿ ಹೋದರೂ ಬುಡ ಸಾಯುವುದಿಲ್ಲ. ಮೃಗಶಿರಾ ಮಳೆ ಬಿದ್ದೊಡನೆ ಅದೇ ಬುಡದಿಂದ ಹೊಸ ಚಿಗುರು ಏಳುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ತೆನೆ ಬಲಿಯುತ್ತದೆ. ಮಳೆ ಕಡಿಮೆಯಿರುವ, ಮಣ್ಣು ತೆಳುವಾಗಿರುವ ಕಲ್ಲುಮಾಳಗಳಲ್ಲಿಯೂ ಅದು ಬದುಕಬಲ್ಲದು.

ಅದರ ಬೀಜವನ್ನು ಕೈಯಲ್ಲಿ ಹಿಡಿದು ನೋಡಿರಿ. ತುದಿ ಈಟಿಯಂತೆ ಚೂಪಾಗಿದೆ. ತುದಿಯ ಮೇಲ್ಗಡೆ ಹಿಮ್ಮುಖವಾದ ಬಿರುಸು ಕೂದಲುಗಳಿವೆ. ಆದ್ದರಿಂದ ಒಳಹೊಕ್ಕ ಬೀಜ ಸುಲಭವಾಗಿ ಹೊರಬರಲಾರದು. ಹಿಂದುಗಡೆ ಹಗ್ಗದಂತೆ ಹುರಿಗೊಂಡ, ನಡುವೆ ಮೊಣಕಾಲಿನಂತೆ ಬಾಗಿದ ಉದ್ದವಾದ ಬಾಲವಿದೆ. ತೇವ ತಗಲಿದಾಗ ಈ ಬಾಲದ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ನೆಲಕ್ಕೆ ಬಿದ್ದ ಬೀಜವು ರಾತ್ರಿಯ ಇಬ್ಬನಿಗೂ ಹಗಲಿನ ಬಿಸಿಲಿಗೂ ಹೀಗೆ ತಿರುಗುತ್ತ ತಿರುಗುತ್ತ ಬಡಗಿಯ ಬೈರಿಗೆಯಂತೆ ಮಣ್ಣಿನೊಳಗೆ ಇಳಿಯುತ್ತದೆ. ಕೂರಿಗೆಯಿಲ್ಲದೆ, ರೈತನಿಲ್ಲದೆ ಬಿತ್ತನೆ ಮುಗಿಯಿತು! ಮಾಳಕ್ಕೆ ಬೆಂಕಿ ಬಿದ್ದರೂ ಮಣ್ಣಿನಲ್ಲಿ ಹೂತ ಬೀಜ ಉಳಿದುಕೊಳ್ಳುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಣಗಿದ ಒಂದು ಬೀಜವನ್ನು ತಟ್ಟೆಯಲ್ಲಿಟ್ಟು ಬಾಲಕ್ಕೆ ಎರಡು ಹನಿ ನೀರು ಹಾಕಿರಿ. ಸ್ವಲ್ಪ ಹೊತ್ತಿನಲ್ಲಿ ಅದು ಜೀವವಿದ್ದಂತೆ ಹೊರಳತೊಡಗುತ್ತದೆ. ಆದರೆ ಕಣ್ಣಿನ ಹತ್ತಿರ ಮಾತ್ರ ಹಿಡಿಯಬೇಡಿ.

ಬೀಜಕ್ಕೆ ವರವಾದ ಈ ಗುಣವೇ ಕುರಿಗೆ ಶಾಪ. ಉಣ್ಣೆಯಲ್ಲಿ ಸಿಕ್ಕಿದ ಬೀಜ ಚರ್ಮವನ್ನು ತೂರಿ ಒಳಸೇರಿ ಹುಣ್ಣು ಮಾಡುತ್ತದೆ. ಬಾಯಿಗೂ ಕಣ್ಣಿಗೂ ಗಾಯವಾಗುತ್ತದೆ. ಆದರೆ ಇದೇ ಹುಲ್ಲು ಎಳೆಯದಾಗಿದ್ದಾಗ ದನಕರುಗಳಿಗೆ ಒಳ್ಳೆಯ ಮೇವು. ಆದ್ದರಿಂದ ತೆನೆ ಬಲಿಯುವ ಮೊದಲೇ ಮೇಯಿಸಬೇಕು, ಇಲ್ಲವೆ ಕೊಯ್ದು ಒಣಗಿಸಿ ಬಣವೆ ಒಟ್ಟಬೇಕು. ಬಲಿತ ಹುಲ್ಲು ಚಾವಣಿ ಹೊದಿಸಲು ಬರುತ್ತದೆ. ಸಾಗರದಾಚೆಯ ಹವಾಯಿ ದ್ವೀಪದ ಜನರು ಸಹ ‘ಪಿಲಿ’ ಎಂದು ಕರೆಯುವ ಇದೇ ಹುಲ್ಲಿನಿಂದ ತಮ್ಮ ಮನೆಗಳಿಗೆ ಹೊದಿಕೆ ಹಾಕುತ್ತಿದ್ದರು.

ಕಂದಾಯದ ಭಾಷೆಯಲ್ಲಿ ಇಂಥ ಮಾಳಗಳಿಗೆ ‘ಪಡ’, ‘ಬೀಳು’ ಎಂಬ ಹೆಸರುಗಳುಂಟು. ಬೆಳೆ ತೆಗೆಯದ ನೆಲವೆಲ್ಲ ವ್ಯರ್ಥವೆಂಬ ಭಾವನೆ ಈ ಮಾತುಗಳಿಂದ ನಮ್ಮಲ್ಲಿ ಬೇರೂರಿದೆ. ಆದರೆ ಮಾಳದ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಹಿಡಿದಿರುವುದು ಕುಸಳಿಯಂಥ ಹುಲ್ಲುಗಳ ಬೇರೇ. ಚಿಗರಿ, ತೋಳಗಳಿಗೂ ನೆಲದ ಮೇಲೆಯೇ ಮೊಟ್ಟೆಯಿಡುವ ಮಾಳಢೋಕ ಹಕ್ಕಿಗೂ ಬಯಲು ಹುಲ್ಲುಗಾವಲೇ ಮನೆ. ಈ ಹಕ್ಕಿಗಾಗಿ ೧೯೭೯ರಲ್ಲಿ ನಮ್ಮ ನಾನ್ನಜದಲ್ಲಿ ಅಭಯಾರಣ್ಯವಾಯಿತು. ಆದರೂ ಇಂದು ಅದರ ದರ್ಶನವೇ ದುರ್ಲಭವಾಗಿದೆ.

ಗಿಡ ನೆಡುವುದು ಪುಣ್ಯದ ಕೆಲಸವೇ ಸರಿ. ಆದರೆ ಹುಲ್ಲಿನ ಮಾಳದಲ್ಲಿ ಒತ್ತಾಗಿ ಗಿಡ ನೆಟ್ಟರೆ ನೆರಳಿನಲ್ಲಿ ಹುಲ್ಲು ಅಳಿಯುತ್ತದೆ, ಬಯಲನ್ನೇ ನಂಬಿದ ಜೀವಿಗಳು ನೆಲೆ ಕಳೆದುಕೊಳ್ಳುತ್ತವೆ. ವನಮಹೋತ್ಸವದ ಸಸಿಗಳಿಗೆ ಶಾಲೆಯ ಅಂಗಳ, ರಸ್ತೆಯ ಬದಿ, ಹೊಲದ ಬದುಗಳಿವೆ, ಅಲ್ಲಿ ನೆಡೋಣ. ಊರ ಮಾಳದ ಮಾತು ಬಂದಾಗ ಅದನ್ನು ಬರಿಯ ನೆಲವೆಂದು ಬಗೆಯದಂತೆ ಪಾಲಕರೂ ಮಕ್ಕಳೂ ನಾಲ್ಕು ಜನರಿಗೆ ತಿಳಿಸಿ ಹೇಳಲಿ ಎಂಬುದೇ ನಮ್ಮ ಆಶಯ.