ಮೇರಠ್ ರೈಲಿಗೆ ಸಾಲ ಕೊಟ್ಟವರು ಯಾರು?

ಗಾಜಿಯಾಬಾದ್‌ನಲ್ಲಿ ಮನೆ ಮಾಡಿದ ಮೇಲೆ ದೆಹಲಿಗೆ ಹೋಗಿಬರಲು ನನಗೆ ನಮೋ ಭಾರತ್ ರೈಲೇ ಆಧಾರ. ಮಂಗಳೂರಿನಿಂದ ಬಂದಿದ್ದ ಭಾವನನ್ನೂ ಒಮ್ಮೆ ಅದರಲ್ಲೇ ಕರೆದುಕೊಂಡು ಹೊರಟೆ. ಕೂತವರೇ, "ಇದಕ್ಕೆಲ್ಲ ದುಡ್ಡು ಕೊಟ್ಟದ್ದು ಯಾರು ಮಾರಾಯ?" ಅಂದರು.

ನಮ್ಮ ಸರ್ಕಾರಗಳ ಹಣದ ಜೊತೆ ಮೂರು ಬ್ಯಾಂಕುಗಳ ಸಾಲವಿದೆ ಎಂದೆ. ಮನಿಲಾದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 1966ರದು. ಬೀಜಿಂಗ್‌ನ ಎಐಐಬಿ, ಶಾಂಘೈನ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್ ಎರಡೂ ಹೊಸವು. ತಲಾ 50 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದೂ 2020ರಲ್ಲಿ, ಗಲ್ವಾನ್ ಘರ್ಷಣೆ ನಡೆದ ವರ್ಷದಲ್ಲೇ.

"ಚೀನಾದ ದುಡ್ಡಾ?" ಭಾವ ಹುಬ್ಬೇರಿಸಿದರು. ಪೂರ್ತಿ ಹಾಗಲ್ಲ; ಎರಡರಲ್ಲೂ ಭಾರತ ಪಾಲುದಾರ.

ಈ ಬ್ಯಾಂಕುಗಳು ಹುಟ್ಟಿದ್ದರ ಹಿಂದೆ ಹಳೆಯ ಅಸಮಾಧಾನವಿದೆ. ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕದ ಕೈಯಲ್ಲಿ ಶೇ. 16ಕ್ಕೂ ಹೆಚ್ಚು ಮತವಿದೆ. ಅದು ಬೇಡವೆಂದರೆ ಮುಗಿಯಿತು. ಭಾರತ, ಚೀನಾಗಳ ಪಾಲು ಹೆಚ್ಚಿಸುವ 2010ರ ಸುಧಾರಣೆ ಜಾರಿಯಾಗಿದ್ದು 2016ರಲ್ಲಿ. ಅಲ್ಲಿಯತನಕ ಅಮೆರಿಕದ ಸಂಸತ್ತಿನ ಒಪ್ಪಿಗೆಗೆ ಕಾಯಬೇಕಾಯಿತು.

ಕಾದು ಬೇಸತ್ತ ಬ್ರಿಕ್ಸ್‌ನ ಐದು ದೇಶಗಳು 2014ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ತಮ್ಮದೇ ಬ್ಯಾಂಕಿಗೆ ಸಹಿ ಹಾಕಿದವು. ಐವರಿಗೂ ಸಮ ಪಾಲು, ಸಮ ಮತ, ಯಾರಿಗೂ ವಿಟೋ ಇಲ್ಲ. "ಅದರ ಮೊದಲ ಅಧ್ಯಕ್ಷರು ನಿಮ್ಮೂರಿನವರೇ, ಕೆ.ವಿ. ಕಾಮತ್" ಎಂದಾಗ ಭಾವನ ಮುಖ ಅರಳಿತು.

ಆದರೆ ಕತೆ ಅಷ್ಟು ಸರಳವಲ್ಲ. ಎಐಐಬಿಯಲ್ಲಿ ಮುಖ್ಯ ತೀರ್ಮಾನಗಳಿಗೆ ಮುಕ್ಕಾಲು ಪಾಲು ಮತ ಬೇಕು. ಕಾಲು ಭಾಗಕ್ಕಿಂತ ಹೆಚ್ಚು ಮತ ಚೀನಾದ್ದು. ವಾಷಿಂಗ್ಟನ್ನಿನ ಲೆಕ್ಕವೇ ಬೀಜಿಂಗ್‌ನಲ್ಲೂ ಕೂತಿದೆ. ಶಾಂಘೈ ಬ್ಯಾಂಕಾದರೂ ಉಕ್ರೇನ್ ಯುದ್ಧ ಶುರುವಾದೊಡನೆ, 2022ರ ಮಾರ್ಚ್‌ನಲ್ಲಿ, ತನ್ನ ಸ್ಥಾಪಕ ರಷ್ಯಾಕ್ಕೇ ಹೊಸ ಸಾಲ ನಿಲ್ಲಿಸಿತು. ಡಾಲರ್ ಪೇಟೆಯಲ್ಲಿ ಸಾಲ ಎತ್ತುವ ಬ್ಯಾಂಕು ಆ ಪೇಟೆಯ ಮರ್ಜಿಯನ್ನೂ ನೋಡಬೇಕಲ್ಲ! ಬೇರೆ ಒಲೆ ಹೂಡಿದರೂ ದಿನಸಿ ಅಂಗಡಿ ಹಳೆಯದೇ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನಿಯಮ. ಶಾಂಘೈ ಬ್ಯಾಂಕಿಗೆ ಎಷ್ಟು ದೇಶ ಸೇರಿದರೂ ಐದು ಸ್ಥಾಪಕರ ಒಟ್ಟು ಪಾಲು ಶೇ. 55ಕ್ಕಿಂತ ಕೆಳಗಿಳಿಯುವಂತಿಲ್ಲ. 2021ರಲ್ಲಿ ಬಾಂಗ್ಲಾದೇಶ ಸೇರಿತು, ಆಮೇಲೆ ಈಜಿಪ್ಟ್. ಅಂದರೆ ವಾಷಿಂಗ್ಟನ್ನಿನಲ್ಲಿ ನಾವು ಕೇಳಿದ "ಮೊದಲು ಬಂದವರಿಗೇ ಯಾಕೆ ದೊಡ್ಡ ಪಾಲು?" ಎಂಬ ಪ್ರಶ್ನೆಯನ್ನು ಢಾಕಾ ನಾಳೆ ನಮಗೇ ಕೇಳಬಹುದು.

ಬೆಳೆಯುತ್ತಿರುವ ದೇಶಗಳು ಜಗತ್ತನ್ನು ಬದಲಿಸುತ್ತವೆಯೇ ಎಂಬುದು ಗೊತ್ತಾಗುವುದು ಆ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ. ಪರವೂರಿಗೆ ತಡವಾಗಿ ಬಂದು ಜಾಗ ಕೇಳಿ ಬದುಕು ಕಟ್ಟಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕೇ?